ಗುಪ್ತ ಗಿರಾಕಿ

"ನನ್ನ ಸೊಸೆ ಇರೋದು ಚಪ್ಪಲಿ ಅಂಗಡಿಲಿ. ನನ್ನ ಕಾಲು ನೋಡಿ, ಚಪ್ಪಲಿಗೆ ಪಿನ್ನು!" ಎಂದು ಅತ್ತೆ ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಒಳಗೆ ಪಾತ್ರೆ ತೊಳೆಯುತ್ತಿದ್ದ ದೊಡ್ಡಕ್ಕನಿಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು, ಕೇಳಿಸದೆ ಏನು?

ದೊಡ್ಡಕ್ಕ ಎಂಬುದು ಅಂಗಡಿಯವರು ಇಟ್ಟ ಹೆಸರು. ಮನೆಯಲ್ಲಿ ಅವಳನ್ನು ಹಾಗೆ ಕರೆಯುವವರಿಲ್ಲ. ಗಂಡನಿಗೆ ಅವಳು "ಏನೇ", ಮಗಳಿಗೆ "ಅಮ್ಮಾ, ನನ್ನ ಬಿಳಿ ಷರಟೆಲ್ಲಿ", ಅತ್ತೆಗೆ "ಬಂದಳು ನೋಡು ಮಹಾರಾಣಿ". ಮೂರಂತಸ್ತಿನ ಆ ಅಂಗಡಿಯಲ್ಲಿ ಹೆಂಗಸರ ಚಪ್ಪಲಿ, ಮಕ್ಕಳ ಬೂಟು ಮಾರುವ ಎರಡನೇ ಮಹಡಿ ಅವಳ ಉಸ್ತುವಾರಿಯಲ್ಲಿತ್ತು. ಕೈಕೆಳಗೆ ಆರು ಜನ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಕೂತರೆ ಅಂಗಡಿ ಸೋಮಾರಿಯಾಗಿ ಕಾಣುತ್ತದಂತೆ. ಗಿರಾಕಿ ಬಂದರೆ ಮಾತ್ರ ಅವರ ಕಾಲ ಬುಡದಲ್ಲಿ ಮಂಡಿಯೂರಬಹುದು. ಅದನ್ನು ಕೂರುವುದು ಎನ್ನುವುದಾದರೆ ಅವರು ದಿನಕ್ಕೆ ಬೇಕಾದಷ್ಟು ಸಲ ಕೂರುತ್ತಿದ್ದರು.

ಅತ್ತೆ ಕಿರಿಮಗನ ಮನೆಯಿಂದ ಇಲ್ಲಿಗೆ ಬಂದು ಆರೇಳು ತಿಂಗಳಾಗಿತ್ತು. ಎರಡು ಕೋಣೆಯ ಮನೆ, ಮೊಮ್ಮಗಳ ಮಂಚದಲ್ಲಿ ಅರ್ಧ ಪಾಲು. ಹಗಲೆಲ್ಲ ಮನೆಯಲ್ಲಿ ಅವರೊಬ್ಬರೇ. ಮಗ ಲಿಫ್ಟ್ ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳಲ್ಲಿ ಸಿಕ್ಕಿಬಿದ್ದವರನ್ನೆಲ್ಲ ಕೆಳಗಿಳಿಸಿ ಬಂದು ಸೋಫಾದ ಮೇಲೆ ಬಿದ್ದನೆಂದರೆ ಅವನನ್ನು ಮೇಲೆತ್ತಲು ಇನ್ನೊಬ್ಬ ಮೆಕ್ಯಾನಿಕ್ಕೇ ಬೇಕು.

"ಈ ವಾರ ತರ್ತೀನಿ ಅಂದೆನಲ್ಲ ಅತ್ತೆ," ಎಂದಳು ದೊಡ್ಡಕ್ಕ, ಕೈ ಒರೆಸಿಕೊಳ್ಳುತ್ತ.

"ಈ ವಾರ, ಈ ವಾರ. ನಾನು ಬಂದಾಗಿನಿಂದ ಅದೇ ವಾರ ನಡೀತಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ."

"ಮಾರಿ ನಾನಾ?"

"ಗಾದೆ ಹೇಳ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

ಉತ್ತರ ಕೊಡಲು ಹೊತ್ತಿರಲಿಲ್ಲ, ಬಸ್ಸು ತಪ್ಪುತ್ತಿತ್ತು.

ನಿಜ ಹೇಳಬೇಕೆಂದರೆ ಅವಳ ತಲೆಯಲ್ಲಿ ಅತ್ತೆಯ ಚಪ್ಪಲಿಗೆ ಜಾಗವೇ ಇರಲಿಲ್ಲ. ಮ್ಯಾನೇಜರು ಮೂರೂ ಮಹಡಿಯ ಉಸ್ತುವಾರಿಗಳನ್ನು ಕರೆದು ಹೊಸ ಸುದ್ದಿ ಹೇಳಿದ್ದ. ಇನ್ನು ಮುಂದೆ ಕಂಪನಿಯಿಂದ ಗುಪ್ತ ಗಿರಾಕಿ ಬರುತ್ತಾರೆ. ಗಂಡಸೋ ಹೆಂಗಸೋ, ಮುದುಕರೋ ಹುಡುಗರೋ, ಯಾರಿಗೂ ತಿಳಿಯುವುದಿಲ್ಲ. ಎಲ್ಲರಂತೆ ಬಂದು ಚಪ್ಪಲಿ ನೋಡಿ ಹೋಗುತ್ತಾರೆ. ಮಾರಾಟದವರು ನಕ್ಕರೋ ಇಲ್ಲವೋ, ನೀರು ಬೇಕಾ ಎಂದರೋ ಇಲ್ಲವೋ, ಎಷ್ಟು ಜೊತೆ ತೆಗೆಸಿದರೂ ಮುಖ ಸಿಂಡರಿಸದೆ ಇದ್ದರೋ ಇಲ್ಲವೋ, ಎಲ್ಲಕ್ಕೂ ಮಾರ್ಕು. ಈ ಮಾರಾಟದ ಋತು ಮುಗಿಯುವಾಗ ಯಾವ ಮಹಡಿಗೆ ಕಡಿಮೆ ಮಾರ್ಕು ಬರುತ್ತದೋ ಆ ಮಹಡಿಯಿಂದ ಇಬ್ಬರು ಮನೆಗೆ.

"ಹೆಸರು ನೀವೇ ಕೊಡಬೇಕು. ನಿಮ್ಮ ಜನ ನಿಮಗೇ ಚೆನ್ನಾಗಿ ಗೊತ್ತಿರತ್ತೆ," ಎಂದ ಮ್ಯಾನೇಜರು.

"ಸರ್, ಬೇರೆ ದಾರಿ ಏನಾದ್ರೂ..."

"ಇದೆಯಲ್ಲ! ಹುರಿದುಂಬಿಸಿ. ಗಿರಾಕಿ ಬೆರಗಾಗೋ ಥರ ಸೇವೆ ಮಾಡಿಸಿ. ಅವರೊಳಗೆ ಬೆಂಕಿ ಹಚ್ಚಿ."

ಬೆಂಕಿಯಂತೆ ಬೆಂಕಿ! ಮಧ್ಯಾಹ್ನದ ಹೊತ್ತಿಗೆ ಪಾದ ಬಾತುಕೊಂಡು ಕಂಬಕ್ಕೆ ಒರಗುವ ಆರು ಜನರಲ್ಲಿ ಎಲ್ಲಿ ಅಂತ ಕಡ್ಡಿ ಗೀರುವುದು? ಆದರೂ ಮಾಡಿದಳು. ಬಾಗಿಲು ತೆರೆಯುವ ಮೊದಲು ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದಳು. "ನಮ್ಮ ನಗು ಯಾರಿಗೆ?" ಎಂದು ಅವಳು ಕೂಗಬೇಕು, "ನಮ್ಮ ಗಿರಾಕಿಗೆ!" ಎಂದು ಅವರು ಕೂಗಬೇಕು. ಗಿಣಿ ಎಂದು ಅಡ್ಡಹೆಸರಿದ್ದ ಚೂಟಿ ಹೆಂಗಸು ಮಹಡಿ ಹಾರಿಹೋಗುವಂತೆ ಕೂಗುತ್ತಿದ್ದಳು. ಮಾತು ಕಡಿಮೆಯೆಂದು ಮೌನಿ ಎನಿಸಿಕೊಂಡಿದ್ದ ಹುಡುಗಿ ಮಾತ್ರ ಅಂಗೈಗೆ ಅಂಗೈ ತಾಗಿತೋ ಇಲ್ಲವೋ ಎಂಬಂತೆ ತಟ್ಟಿ ಸುಮ್ಮನೆ ನಿಲ್ಲುತ್ತಿದ್ದಳು.

ಮೌನಿ ಕೆಲಸದಲ್ಲಿ ಕಳ್ಳಿಯಲ್ಲ. ಆದರೆ ಕೇಳಿದ್ದಕ್ಕಷ್ಟೇ ಮಾತು, ನಗುವಂತೂ ಇಲ್ಲವೇ ಇಲ್ಲ. ಜಂಭದವಳು ಎಂದು ಗಿರಾಕಿಗಳೇ ಎಷ್ಟೋ ಸಲ ದೂರಿದ್ದರು. ಇಬ್ಬರ ಹೆಸರು ಕೊಡಬೇಕಾಗಿ ಬಂದರೆ ಮೊದಲನೆಯದು ಇವಳದೇ ಎಂದು ದೊಡ್ಡಕ್ಕ ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಇಟ್ಟುಕೊಂಡಿದ್ದಕ್ಕೆ ನಾಚಿಕೆಯಾಗುತ್ತಿತ್ತು. ಎರಡನೆಯದು ಯಾರದು ಎಂದು ಯೋಚಿಸಿದರೆ ಅನ್ನ ಸೇರುತ್ತಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅತ್ತೆ ಸಾರು ಬಡಿಸಿ, "ಉಪ್ಪು ಜಾಸ್ತಿಯಾಯ್ತಾ?" ಎಂದರು.

"ಹೂಂ."

"ಹೂಂ ಅಂದ್ರೆ ಜಾಸ್ತೀನಾ, ಸರಿಯಾಗಿದೆಯಾ?"

"ಹೂಂ ಅಂದ್ರೆ ಹೂಂ ಅತ್ತೆ."

"ಅಜ್ಜಿ, ಅಮ್ಮನ ಮಾತೆಲ್ಲ ಅಂಗಡಿಲೇ ಖಾಲಿ," ಎಂದಳು ಮಗಳು. "ಮನೆಗೆ ಬರೋದು ಬರೀ ಡಬ್ಬ. ಅಮ್ಮಾ, ನಮ್ಮನೇಗೂ ಒಬ್ಬ ಗುಪ್ತ ಗಿರಾಕಿ ಬರೋ ಹಾಗೆ ಮಾಡು. ಆಗ ನೀನೂ ನಗ್ತೀಯ."

"ಬರ್ಲಿ. ಮೊದಲು ನಿನ್ನ ತಟ್ಟೆ ತೊಳೀದೇ ಎದ್ದು ಹೋಗೋದಕ್ಕೆ ಮಾರ್ಕು ಕಳೀತಾರೆ."

"ಅಪ್ಪನ ತಟ್ಟೆ?"

"ನನ್ನ ಸುದ್ದಿ ಯಾಕೆ ತೆಗೀತೀಯ?" ಎಂದ ಗಂಡ. ಅಲ್ಲಿಗೆ ಆ ಮಾತು ಮುಗಿಯಿತು.

ಮುಂದಿನ ವಾರ ಹೊಸ ಸರಕು ಬಂದು ದೊಡ್ಡಕ್ಕ ಕೆಳಗಿನ ಗೋದಾಮಿನಲ್ಲೇ ಸಿಕ್ಕಿಬಿದ್ದಳು. ಮಧ್ಯಾಹ್ನ ಗಿಣಿ ಮೆಟ್ಟಿಲು ಹಾರಿ ಹಾರಿ ಇಳಿದು ಬಂದಳು.

"ದೊಡ್ಡಕ್ಕ, ಬಂದಿದ್ರು!"

"ಯಾರೇ?"

"ಅವರೇ! ಗುಪ್ತ! ಒಬ್ಬರು ಅಜ್ಜಿ. ಬಂದು ಬೆಂಚಿನ ಮೇಲೆ ಕೂತು ಸುತ್ತಲೂ ಹೀಗೆ ನೋಡಿದ್ರು, ಮದುವೆಗೆ ಹೆಣ್ಣು ನೋಡೋರ ಥರ. ಹತ್ತು ಹನ್ನೆರಡು ಜೊತೆ ತೆಗೆಸಿದ್ರು, ಒಂದೂ ಕೊಳ್ಳಲಿಲ್ಲ. ಆಮೇಲೆ ಕೇಳ್ತಾರೆ, ನಿಮ್ಮ ಮೇಲಿನವಳು ಹೇಗೆ, ಬೈತಾಳಾ, ಮಧ್ಯಾಹ್ನ ಊಟಕ್ಕೆ ಬಿಡ್ತಾಳಾ ಅಂತ. ಚಪ್ಪಲಿಗೆ ಬಂದೋರಿಗೆ ಅದೆಲ್ಲ ಯಾಕೆ ಬೇಕು?"

"ನೀವೇನಂದ್ರಿ?"

"ಬಂಗಾರದಂಥವರು ಅಂದೆ. ಮತ್ತೇನನ್ನಲಿ?"

ಅಜ್ಜಿಯ ಹೆಬ್ಬೆರಳ ಬುಡದಲ್ಲಿ ಗಂಟಿದೆ, ಯಾವ ಜೋಡೂ ಹಿಡಿಸಲಿಲ್ಲ, ಅಗಲದ ಚಪ್ಪಲಿ ಬರುತ್ತದೆ ಇನ್ನೊಮ್ಮೆ ಬನ್ನಿ ಎಂದು ಮೌನಿ ಹೇಳಿ ಕಳಿಸಿದ್ದಾಳೆ ಎಂದೂ ಗಿಣಿ ವರದಿ ಒಪ್ಪಿಸಿದಳು. ದೊಡ್ಡಕ್ಕ ಹಣೆ ಚಚ್ಚಿಕೊಂಡಳು. ಹೋಗಿ ಹೋಗಿ ಮೌನಿಯ ಕೈಗೇ ಸಿಗಬೇಕಾಗಿತ್ತೇ!

ಅಜ್ಜಿ ಮತ್ತೆ ಬಂದರು. ಅಗಲದ ಜೋಡು ಕೊಂಡರು. ಕೊಂಡ ಮೇಲೂ ಬಂದರು. ಮಹಡಿಯ ಬಣ್ಣವೇ ಬದಲಾಯಿತು. ಅಜ್ಜಿ ಯಾವಾಗ ಬರುತ್ತಾರೋ, ಜೊತೆಗೆ ಕಂಪನಿಯವರು ಇನ್ನೆಂಥ ಪತ್ತೇದಾರರನ್ನು ಕಳಿಸುತ್ತಾರೋ ಎಂದು ಆರೂ ಜನ ಬಂದ ಬಂದವರಿಗೆಲ್ಲ ಬೆಲ್ಲದಂಥ ಮಾತಾಡತೊಡಗಿದರು. ರಚ್ಚೆ ಹಿಡಿದ ಮಗುವಿಗೆ ಬೂಟು ತೊಡಿಸುವಾಗಲೂ ನಗು. ದೊಡ್ಡಕ್ಕನ ದುರದೃಷ್ಟವೋ ಏನೋ, ಅಜ್ಜಿ ಬಂದಾಗಲೆಲ್ಲ ಅವಳು ಗೋದಾಮಿನಲ್ಲೋ ಮ್ಯಾನೇಜರನ ಕೋಣೆಯಲ್ಲೋ ಇರುತ್ತಿದ್ದಳು. ಚಪ್ಪಾಳೆಯ ಫಲವೂ ಇದರಲ್ಲಿ ಸೇರಿರಬೇಕು ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಮನೆಯಲ್ಲೂ ಸ್ವಲ್ಪ ನೆಮ್ಮದಿಯಿತ್ತು. ಅತ್ತೆ ಚಪ್ಪಲಿಯ ಮಾತೆತ್ತುವುದನ್ನು ಬಿಟ್ಟಿದ್ದರು. ಗೊಣಗಾಟ ಕಡಿಮೆಯಾಗಿತ್ತು, ಮೊಮ್ಮಗಳ ಜೊತೆ ನಗೆಮಾತೂ ನಡೆಯುತ್ತಿತ್ತು. ಸದ್ಯ, ಮರೆತರಲ್ಲ ಎಂದುಕೊಂಡಳು ಸೊಸೆ. ಅತ್ತೆ ಏನು ಮೆಟ್ಟಿಕೊಂಡು ಓಡಾಡುತ್ತಿದ್ದಾರೆ ಎಂದು ಬಗ್ಗಿ ನೋಡುವಷ್ಟು ತ್ರಾಣ ಅವಳಲ್ಲಿ ಉಳಿದಿರುತ್ತಿರಲಿಲ್ಲ. ದಿನವಿಡೀ ಊರವರ ಕಾಲು ನೋಡಿದವಳಿಗೆ ಮನೆಯಲ್ಲೂ ಕಾಲು ನೋಡು ಎಂದರೆ ಹೇಗೆ?

ಹೀಗಿರುವಾಗ ಒಂದು ದಿನ ಅವಳು ಗೋದಾಮಿನಿಂದ ಡಬ್ಬಗಳ ರಾಶಿ ಹೊತ್ತು ಮೇಲೆ ಬಂದಳು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಬೂದು ಶಾಲು ಹೊದ್ದು ಕೂತಿದ್ದವರು ಅತ್ತೆ. ಕೈಯಲ್ಲಿ ನೀರಿನ ಲೋಟ. ಮೌನಿ ಅವರ ಮುಂದೆ ಮಂಡಿಯೂರಿ ಬಲಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿ ಒತ್ತುತ್ತಿದ್ದಳು. ಗಿಣಿ ದೂರದಿಂದ ಹುಬ್ಬು ಹಾರಿಸಿದಳು: ಅವರೇ, ಅವರೇ.

ಅತ್ತೆ ತಲೆಯೆತ್ತಿ ನೋಡಿದರು. ಆರು ಜನ ನೋಡುತ್ತಿದ್ದರು. ದೊಡ್ಡಕ್ಕ ಡಬ್ಬಗಳನ್ನು ಇಳಿಸಿ ಹತ್ತಿರ ಹೋಗಿ ನಕ್ಕಳು. ವರ್ಷಗಟ್ಟಲೆ ನಕ್ಕು ರೂಢಿಯಾದ ನಗು, ತಾನಾಗಿ ಬಂತು.

"ಬನ್ನಿ ಅಮ್ಮ. ಆರಾಮಾಗಿ ಕೂತ್ಕೊಳ್ಳಿ. ಕಾಲು ತುಂಬಾ ನೋವಾ?"

ಅತ್ತೆ ಅವಳ ಮುಖವನ್ನೇ ನೋಡಿದರು. "ನೋವೇ ತಾಯಿ," ಎಂದರು. "ಬಹಳ ದಿನದ್ದು. ಇವತ್ತು ಕೇಳಿದ್ರಲ್ಲ, ಅಷ್ಟೇ ಸಾಕು."

ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಮೇಜಿನ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಗಂಡ ಸೋಫಾದಲ್ಲಿದ್ದ. ಅವಳು ಚೀಲವನ್ನು ಕೂಡ ಇಳಿಸಲಿಲ್ಲ.

"ಅಲ್ಲಿಗ್ಯಾಕೆ ಬರ್ತೀರಿ ಅತ್ತೆ?"

"ಚಪ್ಪಲಿಗೆ."

"ಚಪ್ಪಲಿ ಕೊಂಡಾಯ್ತಲ್ಲ. ಆಮೇಲೆ?"

ಅತ್ತೆ ಎರಡು ಕಾಯಿ ಮುರಿದರು. "ಆಮೇಲೆ ಏನು? ಅಲ್ಲಿ ಹೋಗಿ ಕೂತ್ರೆ ಯಾರಾದ್ರೂ ಬಂದು ಏನ್ಬೇಕಮ್ಮಾ ಅಂತಾರೆ. ಇಲ್ಲಿ ಗೋಡೆ ಅನ್ನತ್ತಾ? ಬೆಳಿಗ್ಗೆ ನೀವು ಮೂರೂ ಜನ ಬಾಗಿಲು ಎಳ್ಕೊಂಡು ಹೋದ್ರೆ ನಾನು ಬಾಯಿ ಬಿಡೋದು ಸಂಜೆ, ಉಪ್ಪು ಸರಿಯಾಯ್ತಾ ಅಂತ ಕೇಳೋಕೆ. ಅದಕ್ಕೂ ಹೂಂ."

ಅವಳು ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬಹುದಿತ್ತು. ದಣಿದವರ ನಾಲಿಗೆಗೆ ಲಗಾಮಿರುವುದಿಲ್ಲ.

"ಅವರು ಪ್ರೀತಿಯಿಂದ ಕೇಳ್ತಾರೆ ಅಂದ್ಕೊಂಡ್ರಾ? ನಿಮ್ಮನ್ನ ಗುಪ್ತ ಗಿರಾಕಿ ಅಂದ್ಕೊಂಡಿದ್ದಾರೆ. ಎಲ್ಲ ಮಾರ್ಕಿಗೆ."

"ಎಲ್ಲಾನೂ?"

"ಎಲ್ಲಾನೂ."

"ಆ ಮಾತಾಡದ ಹುಡುಗಿ ಹಿಮ್ಮಡಿ ಒತ್ತಿದ್ಳಲ್ಲ. ಅದೂನಾ?"

"ಅದೂ ಅಷ್ಟೆ."

ಅತ್ತೆ ಕೈಯಲ್ಲಿದ್ದ ಕಾಯನ್ನು ಮುರಿಯದೆ ಹಾಗೇ ತಟ್ಟೆಗೆ ಹಾಕಿದರು. ಗಂಡ ಎದ್ದು ಕೂತು, "ಅದನ್ನ ಹೇಳ್ಲೇಬೇಕಿತ್ತೇನೇ?" ಎಂದ.

"ನೀವು ಸುಮ್ನಿರಿ. ನನಗೆ ತಲೆ ಮೇಲೆ ಕತ್ತಿ ತೂಗ್ತಿದೆ. ಇಬ್ಬರ ಕೆಲಸ ಹೋಗತ್ತೆ, ಹೆಸರು ನಾನು ಬರ್ಕೊಡ್ಬೇಕು, ಆಮೇಲೆ ಅವರ ಮುಖ ನಾನು ನೋಡ್ಬೇಕು." ಆಮೇಲೆ ಅತ್ತೆಯ ಕಡೆ ತಿರುಗಿದಳು. ದನಿ ಇಳಿಸಿದಳು. "ಆದ್ರೆ ಅತ್ತೆ, ಬರೋದು ನಿಲ್ಲಿಸ್ಬೇಡಿ. ನೀವು ಬಂದಾಗಿನಿಂದ ಎಲ್ಲರೂ ಚೆನ್ನಾಗಿ ಕೆಲಸ ಮಾಡ್ತಿದ್ದಾರೆ. ಋತು ಮುಗಿಯೋವರೆಗೆ, ವಾರಕ್ಕೊಂದೆರಡು ಸಲ."

"ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸ್ತಾರಲ್ಲ, ಹಾಗೆ?"

"ಹಾಗಲ್ಲ ಅತ್ತೆ..."

"ಹಾಗೇ. ಇರ್ಲಿ, ಬೊಂಬೆಗೇನು ಕಷ್ಟ? ಬರ್ತೀನಿ."

ಬಂದರು. ವಾರಕ್ಕೆರಡು ಸಲ ತಪ್ಪದೆ, ಕೆಲಸಕ್ಕೆ ಹೋಗುವವರ ಹಾಗೆ ತಲೆ ಬಾಚಿ, ಶಾಲು ಹೊದ್ದು. ಬೆಂಚಿನ ಮೇಲೆ ಕೂತು, ಕೊಟ್ಟ ನೀರು ಕುಡಿದು, ಕೇಳಿದ್ದಕ್ಕೆ ಹೂಂ ಉಹೂಂ ಎಂದು ಎದ್ದು ಹೋಗುತ್ತಿದ್ದರು. ಮೌನಿ ಕಾಲ ಬಳಿ ಕೂತರೆ ಪಾದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮನೆಯಲ್ಲಿ, "ಹೋಗಿ ಕೂತು ಬಂದೆ," ಎಂದಷ್ಟೇ ಸೊಸೆಗೆ ಹೇಳಿ ಒಲೆ ಕಡೆ ನಡೆಯುತ್ತಿದ್ದರು. ಉಪ್ಪಿನ ಸುದ್ದಿ ಕೇಳುವುದನ್ನೂ ಬಿಟ್ಟರು. ಸಾರು ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ.

"ಅಜ್ಜಿಗೆ ಏನಾಗಿದೆ?" ಎಂದಳು ಮಗಳು.

"ಏನೂ ಇಲ್ಲ, ಓದ್ಕೋ ಹೋಗು," ಎಂದಳು ದೊಡ್ಡಕ್ಕ. ಮಾಡಿದ್ದು ತಪ್ಪು ಎಂದು ಗೊತ್ತಿತ್ತು. ಆದರೆ ಈ ತಪ್ಪನ್ನು ಸರಿಮಾಡಲು ಋತು ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಳು. ಮನೆಯ ಕೆಲಸಗಳೆಲ್ಲ ಆಮೇಲೆ ನೋಡೋಣ ಎನ್ನುವ ಪಟ್ಟಿಗೇ ತಾನೆ ಸೇರುವುದು?

ಋತು ಮುಗಿಯಿತು. ಮಾರ್ಕು ಬಂತು. ಎರಡನೇ ಮಹಡಿ ಉಳಿಯಿತು. ಕಡಿಮೆ ಬಂದಿದ್ದು ಮೂರನೆಯದಕ್ಕೆ. ಅಲ್ಲಿಯ ಉಸ್ತುವಾರಿ ಗಂಡಸು ಎರಡು ಹೆಸರು ಬರೆದುಕೊಟ್ಟು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ದೊಡ್ಡಕ್ಕ ಪಕ್ಕಕ್ಕೆ ಸರಿದು ಅವನನ್ನು ದಾಟಿ ಇಳಿದಳು. ನಿಜವಾದ ಗುಪ್ತ ಗಿರಾಕಿ ಯಾರೋ ಎತ್ತರದ ಗಂಡಸಂತೆ, ಮಗನಿಗೆ ಶಾಲೆಯ ಬೂಟು ಕೊಂಡು ಹೋದನಂತೆ. ಗಿಣಿಗೆ ಅವನ ಮುಖವೇ ನೆನಪಿರಲಿಲ್ಲ.

"ಹೇಗೆ ಹುರಿದುಂಬಿಸಿದ್ರಿ? ಮಿಕ್ಕವರಿಗೂ ಹೇಳಿ," ಎಂದ ಮ್ಯಾನೇಜರು.

ಏನು ಹೇಳುವುದು? ಅತ್ತೆಯನ್ನು ಬೊಂಬೆ ಮಾಡಿ ಕೂರಿಸಿದೆ ಎನ್ನುವುದೇ? "ಚಪ್ಪಾಳೆ ಸರ್," ಎಂದಳು.

"ನೋಡಿದ್ರಾ! ನಾಳೆಯಿಂದ ಮೂರೂ ಮಹಡಿಲಿ ಚಪ್ಪಾಳೆ."

ಬಾಗಿಲು ಹಾಕುವ ಹೊತ್ತಿಗೆ ಮೌನಿ ಖಾಲಿ ಡಬ್ಬಗಳನ್ನು ಜೋಡಿಸುತ್ತ, ತಾನಾಗಿಯೇ ಬಾಯಿ ತೆರೆದಳು.

"ದೊಡ್ಡಕ್ಕ, ಆ ಅಜ್ಜಿ ಈ ವಾರ ಬರ್ಲಿಲ್ಲ. ಹುಷಾರಾಗಿದ್ದಾರೋ ಇಲ್ವೋ."

"ಮಾರ್ಕು ಬಂತಲ್ಲ. ಇನ್ನೇನು ಅಜ್ಜಿ?"

"ಅಯ್ಯೋ, ಅವರೆಲ್ಲಿ ಮಾರ್ಕು ಕೊಡೋರು? ಅದು ಗಿಣಿ ಹಬ್ಬಿಸಿದ್ದು. ಅವರು ಬಂದ ದಿನವೇ ನನಗೆ ಗೊತ್ತಾಯ್ತು. ಪಿನ್ನು ಚುಚ್ಚಿದ ಚಪ್ಪಲಿ ಹಾಕ್ಕೊಂಡು ಕಂಪನಿಯೋರು ಬರ್ತಾರಾ?"

"ಮತ್ತೆ ನೀನ್ಯಾಕೆ ಅವರ ಕಾಲು ಒತ್ತಿದೆ?"

"ಅವರು ಕೇಳಿದ್ರು. ಬೆಳಿಗ್ಗೆಯಿಂದ ನಿಂತೇ ಇರ್ತೀಯಲ್ಲ ಮಗು, ಕಾಲು ನೋಯಲ್ವಾ ಅಂತ. ಇಷ್ಟು ವರ್ಷದಲ್ಲಿ ಕೇಳಿದೋರು ಅವರೊಬ್ಬರೇ." ಮೌನಿ ಇನ್ನೊಂದು ಡಬ್ಬ ಎತ್ತಿಟ್ಟಳು. "ಆಮೇಲಾಮೇಲೆ ಯಾಕೋ ಕಾಲು ಮುಟ್ಟೋಕೇ ಬಿಡ್ತಿರಲಿಲ್ಲ. ನಾನೇನು ತಪ್ಪು ಮಾಡಿದ್ನೋ."

ಹೆಸರು ಕೊಡುವುದಿದ್ದರೆ ಮೊದಲು ಕೊಡುತ್ತಿದ್ದುದು ಇವಳದು. ದೊಡ್ಡಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. "ನಿನ್ನ ತಪ್ಪಲ್ಲ," ಎಂದಳು. "ಅವರು ನನ್ನ ಅತ್ತೆ." ಮೌನಿ ಡಬ್ಬ ಹಿಡಿದುಕೊಂಡೇ ನಿಂತಳು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತು ಬರುವಾಗ ದಾರಿಯುದ್ದಕ್ಕೂ ಅತ್ತೆಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿದಳು. ಆದರೆ ಮನೆ ಹತ್ತಿರವಾದಂತೆ ಪಶ್ಚಾತ್ತಾಪದ ಜೊತೆಗೆ ಸಿಟ್ಟೂ ಮೇಲೆದ್ದು ಬಂತು. ಅದೆಲ್ಲಿತ್ತೋ ಏನೋ.

ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವಳು ಎದುರಿಗೆ ಕೂತು ಮೌನಿ ಹೇಳಿದ್ದನ್ನೆಲ್ಲ ಹೇಳಿದಳು. ಅದು ಮಾರ್ಕಿಗಲ್ಲ, ನಾನು ಹೇಳಿದ್ದು ಸುಳ್ಳಾಯ್ತು, ನನ್ನದೇ ತಪ್ಪು ಎಂದಳು.

ಅತ್ತೆ ಕೇಳಿಸಿಕೊಂಡು, "ಇದನ್ನ ಹೇಳಿದ್ದಕ್ಕೆ ನಿನಗೆಷ್ಟು ಮಾರ್ಕು?" ಎಂದರು.

"ಅತ್ತೆ!"

"ತಮಾಷೆಗಂದೆ."

"ತಮಾಷೆಯಲ್ಲ ಅದು. ತಪ್ಪು ಅಂದ್ನಲ್ಲ. ಆದ್ರೆ ನೀವು? ಆ ಹುಡುಗಿನ ಒಂದು ಗಳಿಗೆ ನೋಡಿ ಕಾಲು ನೋಯಲ್ವಾ ಅಂದ್ರಿ. ನಾನೂ ಅಲ್ಲೇ ನಿಲ್ಲೋದು. ಅವಳಿಗಿಂತ ಜಾಸ್ತಿ ವರ್ಷದಿಂದ. ನನ್ನ ಒಂದು ದಿನ ಕೇಳಿದ್ದೀರಾ?"

"ನೀನು ನನ್ನ ಕೇಳಿದ್ದೀಯಾ? ಅಂಗಡಿಲಿ ಬಿಟ್ಟು?"

ಇಲ್ಲ. ಇಬ್ಬರೂ ಕೇಳಿರಲಿಲ್ಲ. ಸೋಫಾದ ಮೇಲಿದ್ದವನು ಫೋನಿನ ಸದ್ದು ಕಡಿಮೆ ಮಾಡಿದ.

ಅತ್ತೆ ಹೇಳಿದರು: "ಅಂಗಡಿಲಿ ಕೇಳೋದು ಸುಲಭ ಕಣೆ. ಕೇಳಿ ಎದ್ದು ಬಂದ್ಬಿಡಬಹುದು. ಮನೇಲಿ ಕೇಳಿದ್ರೆ ನೀನು ನೋಯತ್ತೆ ಅಂತೀಯ. ಅಂದ್ಮೇಲೆ ನಾನು ಏನಾದ್ರೂ ಮಾಡ್ಬೇಕಲ್ಲ. ನನ್ನ ಕೈಲಿ ಆಗಲ್ಲ ಅಂತ ಕೇಳ್ಲಿಲ್ಲ."

"ನಾನೂ ಅದಕ್ಕೇ," ಎಂದಳು ದೊಡ್ಡಕ್ಕ.

"ಹೂಂ. ಈಗ ಹೇಳು. ನೋಯ್ತಿದೆಯಾ?"

"ನೋಯ್ತಿದೆ ಅತ್ತೆ. ತುಂಬಾ."

"ನಂಗೂ."

ಇಬ್ಬರೂ ಕೂತೇ ಇದ್ದರು. ಒಲೆ ಹಚ್ಚಿರಲಿಲ್ಲ. ಕೊನೆಗೆ ಸೋಫಾದ ಕಡೆಯಿಂದ ಮೆಲ್ಲಗೆ ಮಾತು ಬಂತು. "ಊಟಕ್ಕೆ... ಇನ್ನೂ ಎಷ್ಟು ಹೊತ್ತಾಗತ್ತೆ?"

ಅತ್ತೆ ಮಗನ ಕಡೆ ತಿರುಗಿದರು. "ಎಲ್ಲ ಕೇಳಿಸ್ಕೊಂಡೆ ತಾನೆ? ಏಳು. ಅಕ್ಕಿ ಎಲ್ಲಿದೆ ಗೊತ್ತಾ?"

"ಗೊತ್ತಿಲ್ಲ."

ರೂಢಿಯಂತೆ ಏಳಲು ದೊಡ್ಡಕ್ಕನ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಅತ್ತೆ ಆ ಕೈಯ ಮೇಲೆ ಕೈಯಿಟ್ಟು ಅದುಮಿದರು.

"ಹುಡುಕ್ಲಿ," ಎಂದರು. "ನೀನು ಕೂತ್ಕೋ."